ತನ್ನ ಬಿರುಕು ತಾನೇ ಮುಚ್ಚಿಕೊಳ್ಳುವ ಕಾಂಕ್ರೀಟ್



ಆಟವಾಡುವಾಗ ಬಿದ್ದು ಮೊಣಕಾಲು ತರಚಿದರೆ ಏನಾಗುತ್ತದೆ? ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ದಿನಗಳಲ್ಲಿ ಹೊಸ ಚರ್ಮ ಬಂದು ಗಾಯ ಮಾಯುತ್ತದೆ. ನಮ್ಮ ದೇಹಕ್ಕೆ ಜೀವವಿದೆ, ಸರಿ. ಜೀವವಿಲ್ಲದ ಕಾಂಕ್ರೀಟ್ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳಬಲ್ಲದೇ? ಬಲ್ಲದು. ಆದರೆ ಬಿರುಕು ಕೂದಲೆಳೆಯಷ್ಟು ಸಣ್ಣದಾಗಿರಬೇಕು.

ಬಿರುಕಿನಿಂದ ಏನು ತೊಂದರೆ?

ಕಾಂಕ್ರೀಟ್ ತನ್ನ ಮೇಲೆ ಹೇರಿದ ಭಾರವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ಎಳೆದರೆ ಅಥವಾ ಬಾಗಿಸಿದರೆ ಬೇಗ ಸೀಳುತ್ತದೆ. ಆದ್ದರಿಂದಲೇ ಸ್ಲ್ಯಾಬಿನ ಒಳಗೆ ಕಬ್ಬಿಣದ ಸರಳು ಹಾಕುತ್ತಾರೆ. ಕಾಂಕ್ರೀಟಿನ ಪ್ರತ್ಯಾಮ್ಲೀಯ ಗುಣ ಆ ಸರಳಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ.

ಈಗ ನಮ್ಮ ಮಂಕಿಯನ್ನು ನೋಡಿ. ಪಕ್ಕದಲ್ಲೇ ಅರಬ್ಬಿ ಸಮುದ್ರ. ಗಾಳಿಯಲ್ಲಿ ಉಪ್ಪಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಅಗಲವಾದ ಬಿರುಕಿನಿಂದ ನೀರು ಮತ್ತು ಉಪ್ಪು ಒಳಗಿಳಿದರೆ ಸರಳಿನ ರಕ್ಷಣೆ ಹೋಗಿ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಒಳಗಿನಿಂದ ಒತ್ತಿದಾಗ ಕಾಂಕ್ರೀಟ್ ಚಕ್ಕೆಚಕ್ಕೆಯಾಗಿ ಉದುರುತ್ತದೆ.

2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ, ನಮ್ಮದೇ ಜಿಲ್ಲೆಯ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು. ಅದೃಷ್ಟವಶಾತ್ ಚಾಲಕ ಬದುಕುಳಿದರು. ಸೇತುವೆ ಬೀಳಲು ಹಲವು ಕಾರಣಗಳಿರಬಹುದು. ಆದರೆ ಕಡಲತೀರದ ಸೇತುವೆ ಹೆಚ್ಚು ಕಾಲ ಬಾಳುವುದು ಎಷ್ಟು ಮುಖ್ಯ ಎಂಬುದು ಅಂದು ಎಲ್ಲರಿಗೂ ತಿಳಿಯಿತು.

ನಾರಿನ ಕೆಲಸ

ಮಣ್ಣಿನ ಗೋಡೆ ಕಟ್ಟುವಾಗ ಹಿರಿಯರು ಮಣ್ಣಿಗೆ ಬೈಹುಲ್ಲು ಸೇರಿಸಿ ತುಳಿಯುತ್ತಿದ್ದರು. ಒಣಗುವಾಗ ಗೋಡೆ ದೊಡ್ಡದಾಗಿ ಬಿರಿಯದಂತೆ ಹುಲ್ಲು ಹಿಡಿದಿಡುತ್ತಿತ್ತು. ನಾರಿನ ಕಾಂಕ್ರೀಟಿನಲ್ಲಿರುವುದೂ ಇದೇ ಉಪಾಯ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿಕ್ಟರ್ ಲೀ ಅವರು 1990ರ ದಶಕದಲ್ಲಿ ಬಾಗುವ ಕಾಂಕ್ರೀಟನ್ನು ರೂಪಿಸಿದರು. ಇದಕ್ಕೆ ಜಲ್ಲಿ ಹಾಕುವುದಿಲ್ಲ. ಗಾತ್ರದಲ್ಲಿ ನೂರಕ್ಕೆ ಸುಮಾರು 2 ಭಾಗ ತೆಳ್ಳನೆಯ ಕೃತಕ ನಾರು ಸೇರಿಸುತ್ತಾರೆ. ಇದನ್ನು ಬಾಗಿಸಿದರೆ ಒಂದು ದೊಡ್ಡ ಬಿರುಕು ಬೀಳುವುದಿಲ್ಲ. ಬದಲಿಗೆ ನೂರಾರು ಸಣ್ಣ ಬಿರುಕುಗಳು ಮೂಡುತ್ತವೆ. ಒಂದೊಂದರ ಅಗಲ ಸುಮಾರು 0.06 ಮಿಲಿಮೀಟರ್, ಅಂದರೆ ನಿಮ್ಮ ತಲೆಗೂದಲಿನಷ್ಟು!

ಬಿರುಕು ಮುಚ್ಚುವುದು ಹೇಗೆ?

ಸಿಮೆಂಟು ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಉಂಟಾಗುತ್ತದೆ. ನಾವು ಎಲೆಗೆ ಹಚ್ಚುವ ಸುಣ್ಣವೂ ಇದೇ ವಸ್ತು. ಸಣ್ಣ ಬಿರುಕಿಗೆ ಮಳೆನೀರು ಇಳಿದಾಗ ಈ ಸುಣ್ಣ ಸ್ವಲ್ಪ ಕರಗುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಅದರೊಂದಿಗೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಬಿಳಿ ಹರಳಾಗುತ್ತದೆ. ಕಡಲ ಚಿಪ್ಪಿನಲ್ಲಿರುವುದೂ ಇದೇ. ಮೊದಲು ನೀರು ತಾಗದೆ ಉಳಿದಿದ್ದ ಸಿಮೆಂಟಿನ ಕಣಗಳೂ ಈಗ ನೀರು ಕುಡಿದು ಗಟ್ಟಿಯಾಗುತ್ತವೆ. ಹೀಗೆ ಬಿರುಕು ತುಂಬುತ್ತದೆ. ಅಗಲ ಬಿರುಕನ್ನು ತುಂಬಲು ಇಷ್ಟು ಹರಳು ಸಾಲದು. ನೀರು ಅದನ್ನು ತೊಳೆದುಕೊಂಡೂ ಹೋಗುತ್ತದೆ.

ನೋಡಿದಿರಾ? ಅಗಲ ಬಿರುಕಿನಲ್ಲಿ ಹಾಳುಮಾಡುವ ನೀರೇ ಸಣ್ಣ ಬಿರುಕಿನಲ್ಲಿ ಔಷಧವಾಗುತ್ತದೆ. ನಾರು ಬಿರುಕನ್ನು ಸಣ್ಣದಾಗಿರಿಸುತ್ತದೆ, ಸುಣ್ಣ ಮುಚ್ಚುತ್ತದೆ.

ನಿಮಗಿದು ಗೊತ್ತೇ?

ಕೆಲವು ಬ್ಯಾಕ್ಟೀರಿಯಾಗಳೂ ಕ್ಯಾಲ್ಸಿಯಂ ಕಾರ್ಬೊನೇಟ್ ತಯಾರಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇಂಥ ಬ್ಯಾಕ್ಟೀರಿಯಾ ಬಳಸಿ, ಚಂದ್ರನ ಮಣ್ಣನ್ನು ಹೋಲುವ ಪುಡಿಯಿಂದ ಇಟ್ಟಿಗೆ ಮಾಡಿದ್ದನ್ನು 2020ರಲ್ಲಿ ಪ್ರಕಟಿಸಿದರು. 2025ರಲ್ಲಿ ಅಂಥ ಪುಡಿಯ ಇಟ್ಟಿಗೆಯ ಬಿರುಕನ್ನೂ ಬ್ಯಾಕ್ಟೀರಿಯಾದಿಂದ ತುಂಬಿ ತೋರಿಸಿದರು.

ಮಾಡಿ ನೋಡಿ

1. ಜೇಡಿಮಣ್ಣಿನಿಂದ ಒಂದೇ ಅಳತೆಯ ಎರಡು ಉದ್ದ ಬಿಲ್ಲೆ ಮಾಡಿ. ಒಂದಕ್ಕೆ ಮಾತ್ರ ಬೆರಳುದ್ದ ಕತ್ತರಿಸಿದ ತೆಂಗಿನ ನಾರು ಕಲಸಿ. ನೆರಳಿನಲ್ಲಿ ಒಣಗಿಸಿ. ನಂತರ ಎರಡು ಕಲ್ಲುಗಳ ಮೇಲೆ ಸೇತುವೆಯಂತೆ ಇಟ್ಟು ನಡುವೆ ಮೆಲ್ಲಗೆ ಒತ್ತಿ. ಯಾವುದು ಪಟ್ಟನೆ ಮುರಿಯಿತು? ಯಾವುದು ಬಿರುಕು ಬಿಟ್ಟರೂ ಕೂಡಿಕೊಂಡಿತ್ತು?

2. ಸುಣ್ಣದ ತಿಳಿನೀರನ್ನು ಶಿಕ್ಷಕರಿಂದ ತಟ್ಟೆಗೆ ಹಾಕಿಸಿ, ತೆರೆದಿಡಿ. (ನೀವು ಮುಟ್ಟಬೇಡಿ, ಕಣ್ಣಿಗೆ ಅಪಾಯ.) ಮರುದಿನ ಮೇಲೆ ತೆಳ್ಳನೆಯ ಬಿಳಿ ಪೊರೆ ಕಾಣುತ್ತದೆ. ಬಿರುಕು ಮುಚ್ಚುವ ವಸ್ತು ಅದೇ.

ಗಮನಿಸಿ, ತಿಳಿಸಿ

ನಿಮ್ಮ ಶಾಲೆಯ ಸ್ಲ್ಯಾಬು ತಾನೇ ಗುಣವಾಗುತ್ತದೆ ಎಂದು ಸುಮ್ಮನಿರಬೇಡಿ. ಸ್ಲ್ಯಾಬಿನಲ್ಲಿ ಕಂದು ಬಣ್ಣದ ತುಕ್ಕಿನ ಕಲೆ, ಉದುರುತ್ತಿರುವ ಚಕ್ಕೆ, ಹೊರಗೆ ಕಾಣುವ ಸರಳು ಇದ್ದರೆ ಅದರ ಕೆಳಗೆ ಕೂರಬೇಡಿ. ಕೂಡಲೇ ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಅದು ಮಳೆನೀರಿಗೆ ಮಾಯುವ ಗಾಯವಲ್ಲ, ದುರಸ್ತಿಯೇ ಆಗಬೇಕು.