ವೃದ್ಧಾಪ್ಯದ ತುರಿಕೆಯನ್ನು ಕಡೆಗಣಿಸದಿರಿ

ಎಪ್ಪತ್ತು ದಾಟಿದ ಹಿರಿಯರು ಮೈಯೆಲ್ಲ ತುರಿಸುತ್ತದೆ, ರಾತ್ರಿ ನಿದ್ರೆ ಬಾರದು ಎಂದು ಹೇಳಿಕೊಂಡಾಗ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂಬ ಉತ್ತರವೇ ಹಲವು ಮನೆಗಳಲ್ಲಿ ದೊರೆಯುತ್ತದೆ. ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಕೆಲವರಲ್ಲಿ ಇದೇ ತುರಿಕೆಯು ಗಂಭೀರವಾದ ವ್ಯಾಧಿಯೊಂದರ ಮುನ್ಸೂಚನೆಯಾಗಿರುತ್ತದೆ. ಆದುದರಿಂದ ಇವೆರಡರ ಭೇದವನ್ನು ಅರಿತಿರುವುದು ಪ್ರತಿಯೊಂದು ಮನೆಗೂ ಅಗತ್ಯ.

ಒಣಚರ್ಮದ ತುರಿಕೆ

ಆಯುರ್ವೇದದ ಪ್ರಕಾರ ವೃದ್ಧಾಪ್ಯವು ವಾತಪ್ರಧಾನವಾದ ಕಾಲ. ವಾತದ ರೂಕ್ಷಗುಣದಿಂದ ಚರ್ಮದ ಸ್ನಿಗ್ಧತೆ ಕುಂದುತ್ತದೆ. ಮೊಳಕಾಲಿನ ಕೆಳಗೆ, ತೋಳುಗಳ ಮೇಲೆ, ಬೆನ್ನಿನಲ್ಲಿ ಚರ್ಮವು ಹೊಟ್ಟಿನಂತೆ ಏಳುತ್ತದೆ. ಚಳಿಗಾಲದಲ್ಲಿ ತುರಿಕೆ ಹೆಚ್ಚುತ್ತದೆ. ಪೂಜೆಗೆ ಮುನ್ನ ಸುಡುನೀರಿನಲ್ಲಿ ಬಹಳ ಹೊತ್ತು ಸ್ನಾನಮಾಡಿ, ಮೈಗೆಲ್ಲ ಸೋಪು ಹಚ್ಚಿ ಉಜ್ಜುವ ಅಭ್ಯಾಸದಿಂದ ಇದು ಇನ್ನೂ ಉಲ್ಬಣಿಸುತ್ತದೆ.

ಇದಕ್ಕೆ ಪರಿಹಾರ ಸರಳ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಬೇಕು. ಸೋಪನ್ನು ಕಂಕುಳು, ತೊಡೆಸಂದುಗಳಿಗಷ್ಟೇ ಬಳಸಬೇಕು. ಮೈಯನ್ನು ಒತ್ತಿ ಒರೆಸಿ, ತೇವ ಆರುವ ಮುನ್ನವೇ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಬೇಕು. ಅಂಗಾಲಿಗೆ ಎಣ್ಣೆ ಹಚ್ಚಿದರೆ ಒರೆಸಿಯೇ ನಡೆಯಲು ಬಿಡಬೇಕು. ಜಾರಿಬಿದ್ದು ಸೊಂಟದ ಮೂಳೆ ಮುರಿದರೆ ತುರಿಕೆಗಿಂತ ದೊಡ್ಡ ಸಂಕಟ. ಈ ಕ್ರಮವನ್ನು ಎರಡು ಮೂರು ವಾರ ಪಾಲಿಸಿದರೂ ತುರಿಕೆ ತಗ್ಗದಿದ್ದರೆ ವೈದ್ಯರನ್ನು ಕಾಣಬೇಕು. ಮೂತ್ರಪಿಂಡ, ಯಕೃತ್ತು, ಥೈರಾಯ್ಡ್‌ಗಳ ದೋಷಗಳೂ ದದ್ದುಗಳಿಲ್ಲದ ತುರಿಕೆಯಾಗಿ ತೋರಿಬರುವುದುಂಟು.

ಗುಳ್ಳೆಯಾಗಿ ಪರಿಣಮಿಸುವ ತುರಿಕೆ

ಇನ್ನೊಂದು ವ್ಯಾಧಿಯ ಹೆಸರು ಬುಲ್ಲಸ್ ಪೆಂಫಿಗಾಯ್ಡ್. 1953ರಲ್ಲಿ ಲೀವರ್ ಎಂಬ ವೈದ್ಯರು ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿದರು. ಇದು ಹೆಚ್ಚಾಗಿ ಅರವತ್ತು ದಾಟಿದವರಿಗೆ ಬರುತ್ತದೆ. ನಮ್ಮ ಚರ್ಮದ ಮೇಲ್ಪದರ ಮತ್ತು ಒಳಪದರಗಳನ್ನು ಬೆಸೆದಿಡುವ ಕೆಲವು ಪ್ರೋಟೀನುಗಳಿವೆ. ದೇಹದ ರಕ್ಷಣಾಶಕ್ತಿಯೇ ದಿಕ್ಕುತಪ್ಪಿ ಅವುಗಳ ಮೇಲೆ ಎರಗಿದಾಗ ಆ ಬೆಸುಗೆ ಸಡಿಲಗೊಂಡು, ಪದರಗಳ ನಡುವೆ ನೀರು ತುಂಬಿ ಗುಳ್ಳೆಗಳೇಳುತ್ತವೆ.

ಮುಖ್ಯವಾದ ಸಂಗತಿಯೆಂದರೆ, ಗುಳ್ಳೆಗಳು ಮೊದಲು ಬರುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತೀವ್ರ ತುರಿಕೆ ಮತ್ತು ಪಿತ್ತದ ಗಂಧೆಯಂತಹ ಕೆಂಪು ದದ್ದುಗಳಷ್ಟೇ ಇರುತ್ತವೆ. ಅನಂತರ ಹೊಟ್ಟೆ, ಒಳತೊಡೆ, ಕಂಕುಳು, ಮುಂಗೈಗಳಲ್ಲಿ ಸುಲಭವಾಗಿ ಒಡೆಯದ ಬಿಗಿಯಾದ ನೀರುಗುಳ್ಳೆಗಳು ಕಾಣಿಸುತ್ತವೆ. ಪಾರ್ಶ್ವವಾಯು, ಪಾರ್ಕಿನ್‌ಸನ್, ಮರೆವಿನ ರೋಗಗಳಿರುವ ವೃದ್ಧರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆಗೆ ಬಳಸುವ ವಿಲ್ಡಾಗ್ಲಿಪ್ಟಿನ್ ಮೊದಲಾದ 'ಗ್ಲಿಪ್ಟಿನ್' ವರ್ಗದ ಮಾತ್ರೆಗಳಿಂದಲೂ ಕೆಲವರಲ್ಲಿ ಇದು ಉಂಟಾಗುತ್ತದೆ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು. ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು.

ಇತರ ರೋಗಗಳೊಡನೆ ಗೊಂದಲ

ಗುಳ್ಳೆ ಕಂಡೊಡನೆ ಸರ್ಪಸುತ್ತು ಎಂದು ಭಾವಿಸಿ ಕೆಮ್ಮಣ್ಣು ಬಳಿಸುವ ರೂಢಿ ನಮ್ಮಲ್ಲಿದೆ. ಸರ್ಪಸುತ್ತು ಸಾಮಾನ್ಯವಾಗಿ ದೇಹದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಏಳುತ್ತದೆ. ಅದರಲ್ಲಿ ಉರಿ, ನೋವು ಪ್ರಧಾನ. ಪೆಂಫಿಗಾಯ್ಡ್ ಎರಡೂ ಪಕ್ಕಗಳಲ್ಲಿ ಹರಡುತ್ತದೆ. ಇದರಲ್ಲಿ ತುರಿಕೆ ಪ್ರಧಾನ. ಬೆರಳ ಸಂದುಗಳಲ್ಲಿ ತುರಿಸಿ, ರಾತ್ರಿ ಹೆಚ್ಚಾಗಿ, ಮನೆಯ ಇತರರಿಗೂ ತುರಿಕೆಯಿದ್ದರೆ ಅದು ಕಜ್ಜಿ. ಕಜ್ಜಿಯು ಅಂಟುರೋಗವಾದುದರಿಂದ ಮನೆಮಂದಿಯೆಲ್ಲ ಏಕಕಾಲಕ್ಕೆ ಚಿಕಿತ್ಸೆ ಪಡೆಯಬೇಕು. ಪೆಂಫಿಗಾಯ್ಡ್ ಅಂಟುವುದಿಲ್ಲ. ಅಂತಹ ಹಿರಿಯರಿಗೆ ತಟ್ಟೆ, ಲೋಟ, ಹಾಸಿಗೆಗಳನ್ನು ಬೇರ್ಪಡಿಸಿ ಮೂಲೆಯಲ್ಲಿರಿಸುವುದು ಅಜ್ಞಾನ. ಅದು ರೋಗಕ್ಕಿಂತ ಹೆಚ್ಚಿನ ನೋವನ್ನು ಕೊಡುತ್ತದೆ.

ಚಿಕಿತ್ಸೆಯ ವಿಚಾರ

ಚರಕಸಂಹಿತೆಯು ಹದಿನೆಂಟು ಕುಷ್ಠಗಳನ್ನು, ಅಂದರೆ ಚರ್ಮವ್ಯಾಧಿಗಳನ್ನು, ಹೇಳುವಾಗ ಗುಳ್ಳೆಗಳೇಳುವ 'ವಿಸ್ಫೋಟ'ವನ್ನು ಪಿತ್ತ-ಕಫಪ್ರಧಾನವೆಂದು ಗಣಿಸಿದೆ. ಪೆಂಫಿಗಾಯ್ಡ್ ಅದೇ ಎಂದು ಹೇಳಲಾಗದು. ಆದರೂ ವಾತದ ಒಣಚರ್ಮಕ್ಕೆ ಹಿತವಾದ ಅಭ್ಯಂಗವು ಗುಳ್ಳೆಗಳೆದ್ದ ಚರ್ಮಕ್ಕೆ ಹಿತವಲ್ಲ ಎಂಬುದು ಇದರಿಂದ ಸ್ಪಷ್ಟ. ದುರ್ಬಲರಾದ ವೃದ್ಧರಿಗೆ ವಮನ-ವಿರೇಚನಗಳಂತಹ ತೀಕ್ಷ್ಣ ಶೋಧನವೂ ಸಲ್ಲದು.

ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಈ ರೋಗದಲ್ಲಿ ಮೊದಲು ಕಾಣಬೇಕಾದುದು ಚರ್ಮರೋಗ ತಜ್ಞರನ್ನು. ಚರ್ಮದ ಚಿಕ್ಕ ತುಣುಕನ್ನು ತೆಗೆದು ಪರೀಕ್ಷಿಸಿದರೆ ರೋಗ ನಿರ್ಣಯವಾಗುತ್ತದೆ. ಬಹುತೇಕ ಸ್ಟೀರಾಯ್ಡ್ ಮುಲಾಮು ಅಥವಾ ಮಾತ್ರೆಗಳಿಂದ ರೋಗ ಹತೋಟಿಗೆ ಬರುತ್ತದೆ. ಅಲಕ್ಷಿಸಿದರೆ ಒಡೆದ ಗುಳ್ಳೆಗಳು ಕೀವುಗಟ್ಟಿ, ಸೋಂಕು ರಕ್ತಕ್ಕೇರಿ ಪ್ರಾಣಾಪಾಯವಾಗಬಹುದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಮಿಶ್ರ ಮುಲಾಮುಗಳಲ್ಲಿಯೂ ಸ್ಟೀರಾಯ್ಡ್ ಇರುತ್ತದೆ. ಅಳತೆಯಿಲ್ಲದೆ ಹಚ್ಚಿದರೆ ಚರ್ಮ ತೆಳುವಾಗಿ, ನಿಜವಾದ ರೋಗ ಮರೆಯಾಗುತ್ತದೆ. ತಜ್ಞರು ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ಭಯದಿಂದ ಹಠಾತ್ತನೆ ನಿಲ್ಲಿಸುವುದೂ ಅಪಾಯ. ಈ ಅವಧಿಯಲ್ಲಿ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡಗಳನ್ನು ಆಗಾಗ ಪರೀಕ್ಷಿಸುತ್ತಿರಬೇಕು.

ಮನೆಯವರು ಮಾಡಬೇಕಾದುದು

- ಉಗುರುಗಳನ್ನು ವಾರಕ್ಕೊಮ್ಮೆ ಕತ್ತರಿಸಿ.
- ಗುಳ್ಳೆಗಳನ್ನು ಒಡೆಯಬೇಡಿ. ಅರಿಸಿನ, ಬೂದಿ, ಸುಣ್ಣ ಯಾವುದನ್ನೂ ಮೆತ್ತಬೇಡಿ.
- ಮೆತ್ತನೆಯ ಹತ್ತಿ ಬಟ್ಟೆ ತೊಡಿಸಿ. ಹಾಸಿಗೆ ಬಟ್ಟೆಯನ್ನು ದಿನವೂ ಬದಲಿಸಿ. ಚರ್ಮ ಕಿತ್ತುಹೋದವರನ್ನು ನಮ್ಮ ದೇಶದ ಕೆಲವು ಆಸ್ಪತ್ರೆಗಳಲ್ಲಿ ಶುದ್ಧಗೊಳಿಸಿದ ಬಾಳೆ ಎಲೆಯ ಮೇಲೆ ಮಲಗಿಸುವ ಪದ್ಧತಿಯುಂಟು.
- ಹೆಸರುಬೇಳೆ, ಹಾಲು, ಮೆತ್ತಗಿನ ಅನ್ನದಂತಹ ಲಘುವಾದ ಪೌಷ್ಟಿಕ ಆಹಾರ ಕೊಡಿ.
- ಜ್ವರ, ಕೀವು, ಮಂಪರು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹಿರಿಯರು ತಮ್ಮ ಬಾಧೆಯನ್ನು ಸಂಕೋಚದಿಂದ ಮುಚ್ಚಿಡುವುದುಂಟು. ಬೆನ್ನು, ಹೊಟ್ಟೆ, ತೊಡೆಗಳನ್ನು ಅವರು ತಾವಾಗಿ ತೋರಿಸಲಾರರು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ವಾರಕ್ಕೊಮ್ಮೆಯಾದರೂ ಅವರ ಮೈಯನ್ನು ಬೆಳಕಿನಲ್ಲಿ ನೋಡಿ ವಿಚಾರಿಸಬೇಕು. ತುರಿಕೆಯ ಹಂತದಲ್ಲಿಯೇ ರೋಗವನ್ನು ಗುರುತಿಸಿದರೆ, ಗುಳ್ಳೆ ಮತ್ತು ಹುಣ್ಣುಗಳ ಯಾತನೆಯಿಂದ ಅವರನ್ನು ಬಹುಮಟ್ಟಿಗೆ ಪಾರುಮಾಡಬಹುದು.