ಗಂಟೆ ತುಂಬಿತೆಂದು ಸಹಿ ಹಾಕಬೇಡಿ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಔಷಧಿ ಅಂಗಡಿ, ಆಸ್ಪತ್ರೆಗಳಲ್ಲಿ ಡಿ.ಫಾರ್ಮ ವಿದ್ಯಾರ್ಥಿಗಳಿಗೆ ತರಬೇತಿ ಕೊಡುವವರಿಗೆ ಒಂದು ಮಾತು. ಮೂರು ತಿಂಗಳಿಗೆ ಕಡಿಮೆಯಾಗದಂತೆ 500 ಗಂಟೆ ತರಬೇತಿ ಆಗಬೇಕು, ಅದರಲ್ಲಿ 250 ಗಂಟೆಯಾದರೂ ಚೀಟಿ ನೋಡಿ ಔಷಧಿ ಕೊಡುವ ಕೆಲಸವೇ ಆಗಿರಬೇಕು ಎಂಬುದು ನಿಯಮ. ಗಂಟೆ ತುಂಬಿತು, ಹುಡುಗ ವಿನಯವಂತ ಎಂದು ತರಬೇತಿ ಮುಗಿದ ಪತ್ರಕ್ಕೆ ಸಹಿ ಹಾಕಿಬಿಡುವಲ್ಲೇ ನಾವು ಎಡವುವುದು. ವಿನಯ ಬೇರೆ, ವೃತ್ತಿಧರ್ಮ ಬೇರೆ. ಪರಿಚಯದವರು ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೇಳಿದಾಗ ಅವನು ಇಲ್ಲ ಎನ್ನುತ್ತಾನೆಯೇ? ಎಚ್1 ಪಟ್ಟಿಯ ಔಷಧಿ ಹೋದಾಗ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ರಿಜಿಸ್ಟರಿನಲ್ಲಿ ಆಗಲೇ ಬರೆಯುತ್ತಾನೋ, ಸಂಜೆಗೆ ಅಂದಾಜಿನಲ್ಲಿ ತುಂಬುತ್ತಾನೋ? ಜೋಯಿಡಾದ ಕುಣಬಿ ಅಜ್ಜಿಗೆ ಕೊಂಕಣಿಯಲ್ಲಿ, ಮುಂಡಗೋಡದ ಟಿಬೆಟನ್ ಹಿರಿಯರಿಗೆ ಅವರಿಗೆ ತಿಳಿಯುವ ಹಾಗೆ, ‘ಊಟವಾದ ಮೇಲೆ, ರಾತ್ರಿ ಒಂದೇ’ ಎಂದು ಹೇಳಿ, ಅದನ್ನು ಅವರ ಬಾಯಿಂದಲೇ ತಿರುಗಿ ಹೇಳಿಸುತ್ತಾನೆಯೇ? ಪರೀಕ್ಷೆಯ ಹಾಳೆಯಲ್ಲಿ ಇದೊಂದೂ ಕಾಣುವುದಿಲ್ಲ, ಕೌಂಟರಿನಲ್ಲಿ ಮಾತ್ರ ಕಾಣುತ್ತದೆ.

ನಡತೆ ಅಳೆಯಹೊರಟರೆ ನಮ್ಮ ಇಷ್ಟಾನಿಷ್ಟ ನುಸುಳುವುದಿಲ್ಲವೇ ಎಂದು ಕೇಳುವಿರಿ. ‘ಒಳ್ಳೆಯ ಹುಡುಗಿ’ ಎಂದಷ್ಟೇ ಬರೆದರೆ ಖಂಡಿತ ನುಸುಳುತ್ತದೆ. ಅದಕ್ಕೇ ಅಭಿಪ್ರಾಯ ಬಿಟ್ಟು, ಕಂಡ ಕೆಲಸವನ್ನು ತಾರೀಕಿನೊಂದಿಗೆ ಎರಡು ಸಾಲು ಬರೆದಿಡಿ. ಸಾಧ್ಯವಾದರೆ ಇನ್ನೊಬ್ಬ ಫಾರ್ಮಸಿಸ್ಟರೂ ನೋಡಲಿ. ಒಂದು ದಿನದ ತಪ್ಪಿಗೆ ಹಣೆಪಟ್ಟಿ ಹಚ್ಚಬೇಡಿ. ಗಿರಾಕಿಗಳೆದುರು ಗದರದೆ, ಆಮೇಲೆ ಪಕ್ಕಕ್ಕೆ ಕರೆದು ತಿಳಿಸಿ. ತಿದ್ದಿಕೊಂಡರೋ ಎಂದು ಮುಂದಿನ ವಾರ ನೋಡಿ. ಸಂತೆಯ ದಿನ ಪುರುಸೊತ್ತಿರುವುದಿಲ್ಲ, ಒಪ್ಪುತ್ತೇನೆ. ಆದರೆ ಅವಸರದಲ್ಲೇ ನಡತೆ ಬಯಲಾಗುವುದು. ಇನ್ನೂ ಅನುಮಾನವಿದ್ದರೆ ಸಹಿಯನ್ನು ತಡೆಹಿಡಿಯಿರಿ, ಕಾರಣವನ್ನು ವಿದ್ಯಾರ್ಥಿಗೇ ನೇರವಾಗಿ ಹೇಳಿ.