ಹಳೆಯ ಖೋಲಿಯ ಒಳಾಂಗಣಕ್ಕೆ ಎಷ್ಟು ಹಣ?

ಮುಂಬೈ ಸಮೀಪದ ಠಾಕುರ್ಲಿ, ಡೊಂಬಿವಲಿ, ಕಲ್ಯಾಣದ ಮೂವತ್ತು-ನಲವತ್ತು ವರ್ಷ ಹಳೆಯ ಕಟ್ಟಡಗಳಲ್ಲಿ 'ವನ್ ರೂಮ್ ಕಿಚನ್' ಮನೆಗಳು, ಅಂದರೆ ಒಂದು ಖೋಲಿ ಮತ್ತು ಒಂದು ಅಡುಗೆಮನೆಯಷ್ಟೇ ಇರುವ ಮನೆಗಳು, ಇಂದಿಗೂ ಅನೇಕ ಕನ್ನಡ ಕುಟುಂಬಗಳ ಆಸರೆಯಾಗಿವೆ. ನಿವೃತ್ತಿಯ ಹಣ ಕೈಸೇರಿದಾಗಲೋ ಮಗನ ಮದುವೆ ಗೊತ್ತಾದಾಗಲೋ ಇಂಥ ಮನೆಯ ಒಳಭಾಗವನ್ನು ಹೊಸದಾಗಿಸುವ ಮಾತು ಏಳುತ್ತದೆ. ಆ ಮಾತು ಟೈಲ್ಸ್ ಅಂಗಡಿಯಿಂದ ಆರಂಭವಾದರೆ ಲೆಕ್ಕ ತಲೆಕೆಳಗಾಗುತ್ತದೆ. ಯುರೋಪಿನಲ್ಲಿ ಹಳೆಯ ಮೋಟರ್‌ಹೋಮ್, ಅಂದರೆ ಮಲಗುವ ಮತ್ತು ಅಡುಗೆ ಮಾಡುವ ಅನುಕೂಲವುಳ್ಳ ವಾಹನ, ಕೊಂಡ ಜಾಣರು ಪರದೆ-ಹಾಸಿಗೆಗಳಿಗೆ ಕೈಹಾಕುವ ಮೊದಲು ಗೋಡೆಯೊಳಗೆ ತೇವ ಇಳಿದಿದೆಯೇ, ಸೇರಿಸಲಿರುವ ಸಾಮಾನಿನ ಭಾರವನ್ನು ವಾಹನ ತಾಳುವುದೇ ಎಂದು ನೋಡುತ್ತಾರೆ. ಠಾಕುರ್ಲಿಯ ಖೋಲಿಗೂ ಇವೇ ಮೊದಲ ಎರಡು ಪ್ರಶ್ನೆಗಳು.

ಸೋರಿಕೆಯ ವಿಷಯದಲ್ಲಿ ಖರ್ಚು ಯಾರದೆಂಬುದನ್ನು ಮೊದಲು ತಿಳಿಯಬೇಕು. ಮಹಾರಾಷ್ಟ್ರದ ವಸತಿ ಸಹಕಾರಿ ಸೊಸೈಟಿಗಳ ಮಾದರಿ ಉಪನಿಯಮಗಳ ಪ್ರಕಾರ ಮಳೆನೀರಿನ ಸೋರಿಕೆ ಮತ್ತು ಸಾಮಾನ್ಯ ಕೊಳವೆಗಳ ದುರಸ್ತಿ ಸೊಸೈಟಿಯ ಹೊಣೆ, ಬಚ್ಚಲು-ಶೌಚಾಲಯ-ಸಿಂಕ್‌ಗಳಿಂದಾಗುವ ಒಳಸೋರಿಕೆ ಸದಸ್ಯರ ಹೊಣೆ. ಈ ಭೇದ ತಿಳಿಯದೆ ಸೊಸೈಟಿಯ ಪಾಲಿನ ಖರ್ಚನ್ನೂ ತಾವೇ ಹೊತ್ತವರು ಬಹಳ. ಬಚ್ಚಲಿನ ನೆಲದಡಿ ಇಟ್ಟಿಗೆ ಚೂರು ಮತ್ತು ಸಿಮೆಂಟಿನಿಂದ ಹಾಕುವ, ಇಲ್ಲಿನ ಮಿಸ್ತ್ರಿಗಳು 'ಬ್ರಿಕ್‌ಬ್ಯಾಟ್ ಕೋಬಾ' ಎನ್ನುವ ಜಲರೋಧಕ ಪದರ ಹಳತಾದಂತೆ ಬಿರುಕು ಬಿಡುತ್ತದೆ. ಲೇಖಕನ ಮನೆಯ ನವೀಕರಣದಲ್ಲಿ ಹಣದ ದೊಡ್ಡ ಪಾಲು ಹೋದದ್ದು, ಬಂದ ನೆಂಟರಿಗೆ ತೋರಿಸಲಾಗದ ಈ ಪದರಕ್ಕೇ.

ಭಾರದ ಲೆಕ್ಕವನ್ನು ಮಾತ್ರ ಯಾರೂ ಮಾಡುವುದಿಲ್ಲ. ಹಳೆಯ ನೆಲವನ್ನು ಒಡೆಯದೆ ಅದರ ಮೇಲೆಯೇ ನಾಲ್ಕು ಸೆಂಟಿಮೀಟರ್ ಗಾರೆ ಹಾಸಿ ಟೈಲ್ಸ್ ಕೂರಿಸಿದರೆ ಪ್ರತಿ ಚದರ ಮೀಟರಿಗೆ ಸುಮಾರು 100 ಕಿಲೋ, 300 ಚದರ ಅಡಿಯ ಮನೆಗೆ ಹತ್ತಿರ ಹತ್ತಿರ ಮೂರು ಟನ್ ಭಾರ ಕೂಡುತ್ತದೆ; ತೆಳುವಾದ ಅಂಟಿನ ಪದರದ ಮೇಲೆ ಕೂರಿಸಿದರೆ ಅದು ಒಂದು ಟನ್ನಿನ ಒಳಗೇ ಉಳಿಯುತ್ತದೆ. 2015ರ ಜುಲೈ ಕೊನೆಯಲ್ಲಿ ಠಾಕುರ್ಲಿಯಲ್ಲಿ, ಅದಾದ ಒಂದೇ ವಾರದಲ್ಲಿ ಠಾಣೆಯ ನೌಪಾಡಾದಲ್ಲಿ ಹಳೆಯ ಕಟ್ಟಡಗಳು ಕುಸಿದು ಜನ ಸತ್ತದ್ದನ್ನು ನೆನೆದರೆ, ಅಡುಗೆಮನೆಯನ್ನು 'ಓಪನ್' ಮಾಡಲು ಗೋಡೆ ಒಡೆಯುವ ಉತ್ಸಾಹವೂ ತಣ್ಣಗಾಗಬೇಕು.

ಮೂರನೆಯ ಪ್ರಶ್ನೆ ಕಟ್ಟಡದ ಉಳಿದ ಆಯುಸ್ಸಿನದು. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಂಬ-ತೊಲೆಗಳ ಬಲವನ್ನು ಎಂಜಿನಿಯರ್ ಪರೀಕ್ಷಿಸಿ ಕೊಡುವ ವರದಿ, ಕಡ್ಡಾಯ. 2019ರ ಜುಲೈ 4ರ ಸರ್ಕಾರಿ ನಿರ್ಣಯದ ನಂತರ ಸೊಸೈಟಿಯ ಶೇ. 51 ಸದಸ್ಯರು ಒಪ್ಪಿದರೆ ಪುನರ್ನಿರ್ಮಾಣಕ್ಕೆ ಹೊರಡಬಹುದು. ಎರಡು ಲಕ್ಷ ರೂಪಾಯಿಯ ಒಳಾಂಗಣ ಇಪ್ಪತ್ತು ವರ್ಷ ಬಾಳಿದರೆ ವರ್ಷಕ್ಕೆ 10,000 ಬಿದ್ದಂತೆ, ನಾಲ್ಕೇ ವರ್ಷಕ್ಕೆ ಕಟ್ಟಡ ಕೆಡವಿದರೆ 50,000 ಬಿದ್ದಂತೆ. ಪುನರ್ನಿರ್ಮಾಣಕ್ಕಾಗಿ ಬಿಲ್ಡರ್ ಜೊತೆಗಿನ ಚೌಕಾಸಿ ನಡೆಯುವುದು ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ನಡುವೆ ನಿಜವಾಗಿ ಬಳಸಲು ಸಿಗುವ ನೆಲದ ಮೇಲೆ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಛಾವಣಿಯ ಚಂದಕ್ಕೆ ಅಲ್ಲಿ ಬೆಲೆಯಿಲ್ಲ.

ಆದ್ದರಿಂದ ಆಡಿಟ್ ವರದಿ ಅನುಮಾನ ಹುಟ್ಟಿಸುವಂತಿದ್ದರೆ, ಗೋಡೆಗೆ ಜಡಿಯುವ ಕಪಾಟಿಗಿಂತ ಪುನರ್ನಿರ್ಮಾಣದ ಕಾಲದ ಬಾಡಿಗೆ ಮನೆಗೂ ಹೊತ್ತೊಯ್ಯಬಹುದಾದ ವಸ್ತುಗಳಿಗೆ ಹಣ ಹಾಕುವುದು ಮೇಲು. ಹತ್ತಿರದ ಉಲ್ಹಾಸನಗರದ ಫರ್ನಿಚರ್ ಪೇಟೆಯಲ್ಲಿ ಮಡಚುವ ಮಂಚ, ಸೋಫಾ-ಕಮ್-ಬೆಡ್ ಸಿಗುತ್ತವೆ. ಅಪ್ಪನ ಕಾಲದ ಗೋದ್ರೆಜ್ ಕಪಾಟನ್ನು ಮಾರದೆ ಉಜ್ಜಿಸಿ ಸ್ಪ್ರೇ ಬಣ್ಣ ಹೊಡೆಸಿದ್ದು ಲೇಖಕನ ಮನೆಯಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ತೃಪ್ತಿ ಕೊಟ್ಟ ಕೆಲಸ. ಕಡಪಾ ಕಲ್ಲಿನ ಅಡುಗೆಕಟ್ಟೆ ಗಟ್ಟಿಯಾಗಿದ್ದರೆ ಅದನ್ನು ಕೀಳಿಸುವ ಅಗತ್ಯವೇ ಇಲ್ಲ. ಪ್ಲೈವುಡ್ ಬೇಕಾದಲ್ಲಿ, ನೀರು ತಾಗುವ ಸಿಂಕಿನ ಕೆಳಗೆ ಐಎಸ್ 710 ಗುರುತಿನ ಮರೈನ್ ಹಲಗೆಯನ್ನೂ ಉಳಿದೆಡೆ ಅದಕ್ಕಿಂತ ಅಗ್ಗದ ಐಎಸ್ 303 ಹಲಗೆಯನ್ನೂ ಬಳಸಿದರೆ ಸಾಕು. ಮರದ ಪಾಲಿಶ್ ಕೆಲಸವನ್ನು ಮಳೆಗಾಲದಲ್ಲಿ ಹಿಡಿದರೆ ಗಾಳಿಯ ತೇವಕ್ಕೆ ಮೇಲ್ಮೈ ಬಿಳಿಚಿಕೊಳ್ಳುತ್ತದೆ, ದೀಪಾವಳಿಯ ಹೊಸ್ತಿಲಲ್ಲಿ ಹಿಡಿದರೆ ಬಣ್ಣದವರು ಕೇಳಿದಷ್ಟು ಕೂಲಿ ಕೊಡಬೇಕಾಗುತ್ತದೆ; ಹಬ್ಬ ಮುಗಿದ ಮೇಲೆ ಚೌಕಾಸಿಗೆ ಆಸ್ಪದವಿರುತ್ತದೆ.